ರಗ್ಬಿ ಅಂಗಿ ಹಾಕಿದ ಮಂಡೇಲಾ: ಅದು ನಾಯಕತ್ವವೋ, ಬರೀ ಫೋಟೋವೋ?

ದೀಪಾ_ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಹದಿನೈದು ದಿನದ ಹಿಂದೆ ಕ್ಲಾಸಿನಲ್ಲಿ ನನ್ನ ಸೆಮಿನಾರ್ ಇತ್ತು. ವಿಷಯ ನೆಲ್ಸನ್ ಮಂಡೇಲಾ, ದಕ್ಷಿಣ ಆಫ್ರಿಕಾದ ಮೊದಲ ಕಪ್ಪು ಅಧ್ಯಕ್ಷ. ಪರದೆ ಮೇಲೆ ಆ ಪ್ರಸಿದ್ಧ ಫೋಟೋ ಹಾಕಿದೆ. 1995ರ ಜೂನ್ 24, ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್ ಮೈದಾನ. ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡನ್ನು 15-12ರಿಂದ ಸೋಲಿಸಿ ರಗ್ಬಿ ವಿಶ್ವಕಪ್ ಗೆದ್ದಿದೆ. ಮಂಡೇಲಾ ತಂಡದ ಹಸಿರು ಅಂಗಿ, ಹಸಿರು ಟೋಪಿ ಹಾಕಿಕೊಂಡು ಕ್ಯಾಪ್ಟನ್ ಫ್ರಾನ್ಸ್ವಾ ಪಿನಾರ್ ಕೈಗೆ ಕಪ್ ಕೊಡುತ್ತಿದ್ದಾರೆ. ಬೆನ್ನ ಮೇಲೆ 6 ನಂಬರ್. ಅದು ಪಿನಾರ್ ನಂಬರೇ.

ಫೋಟೋ ಬಂದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: "ಇದೆಲ್ಲ ಕ್ಯಾಮೆರಾಗೆ. ಚುನಾವಣೆ ಬಂದ್ರೆ ನಮ್ಮವರೂ ಗುಡಿಸಲಲ್ಲಿ ಕೂತು ರೊಟ್ಟಿ ತಿಂತಾರಲ್ಲ, ಹಾಗೇ." ಎಲ್ಲರೂ ನಕ್ಕರು. ನನಗೆ ಮಾತೇ ಹೊರಡಲಿಲ್ಲ. ಉಳಿದ ಸ್ಲೈಡ್ ಓದಿ ಮುಗಿಸಿ ಬಂದು ಕೂತೆ.

ಆ ಮಾತು ತಲೆಯಿಂದ ಹೋಗಲಿಲ್ಲ. ಆವತ್ತಿನಿಂದ ಲೈಬ್ರರಿಯಲ್ಲೇ ಕೂತಿದ್ದೇನೆ. ಮೊದಲು ತಿಳಿದದ್ದು ಆ ಅಂಗಿಯ ಕಥೆ. ಅದರ ಮೇಲಿದ್ದ ಸ್ಪ್ರಿಂಗ್‌ಬಾಕ್ ಜಿಂಕೆ ಬಿಳಿಯರ ಆಳ್ವಿಕೆಯ ಗುರುತೇ ಆಗಿತ್ತು. ರಗ್ಬಿ ನೋಡಲು ಬಂದ ಕಪ್ಪು ಜನರನ್ನು ಮೈದಾನದ ಒಂದು ಮೂಲೆಯಲ್ಲಿ ಬೇರೆ ಕೂರಿಸುತ್ತಿದ್ದರು. ಅವರು ಅಲ್ಲಿ ಕೂತು ಎದುರಾಳಿ ತಂಡಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು, ಯಾವ ದೇಶದವರೇ ಬರಲಿ. ಆಳ್ವಿಕೆ ಬದಲಾದ ಮೇಲೆ ಆ ಜಿಂಕೆಯನ್ನೇ ತೆಗೆಯಬೇಕು ಅಂತ ಮಂಡೇಲಾ ಕಡೆಯ ಜನರೇ ಪಟ್ಟು ಹಿಡಿದಿದ್ದರು. ಬೇಡ ಅಂದವರು ಮಂಡೇಲಾ. ವಿಶ್ವಕಪ್ ನಡೆಯುವಾಗ ಕಪ್ಪು ಜನರ ಸಭೆಯೊಂದಕ್ಕೆ ಅದೇ ಟೋಪಿ ಹಾಕಿಕೊಂಡು ಹೋದರು. ಜನ ಕೂಗಾಡಿದರು. ಈಗ ಇವರು ನಮ್ಮ ಹುಡುಗರು ಅಂತ ಅವರಿಗೆ ಹೇಳಿದರು.

ಇಲ್ಲೇ ನನಗೆ ರೊಟ್ಟಿ ತಿನ್ನುವವರಿಗೂ ಇವರಿಗೂ ವ್ಯತ್ಯಾಸ ಕಂಡಿತು. ಗುಡಿಸಲಲ್ಲಿ ರೊಟ್ಟಿ ತಿಂದರೆ ಯಾರೂ ಸಿಟ್ಟಾಗುವುದಿಲ್ಲ, ವೋಟು ಹೆಚ್ಚುತ್ತದೆ. ಇವರು ಹಾಕಿಕೊಂಡ ಟೋಪಿಗೆ ಸಿಟ್ಟಾದವರು ಇವರನ್ನು ಆರಿಸಿ ಕಳಿಸಿದ ಜನರೇ.

ಎರಡನೆಯದು ಅವರ ಮುಖದ ಕಥೆ. ಬಿಳಿಯರ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಅವರನ್ನು 1962ರ ಆಗಸ್ಟ್ 5ರಂದು ಹಿಡಿದವರು 1990ರ ಫೆಬ್ರುವರಿ 11ಕ್ಕೆ ಬಿಟ್ಟರು. 27 ವರ್ಷ. ಕೈದಿಗಳ ಫೋಟೋ ಅಚ್ಚು ಹಾಕುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಜೈಲಿಗೆ ಹೋದಾಗ ದಪ್ಪ ಕೆನ್ನೆ, ಗಡ್ಡದ ಗಟ್ಟಿಮುಟ್ಟಾದ ವಕೀಲ. ಜಗತ್ತಿನ ಗೋಡೆಗಳ ಮೇಲೆಲ್ಲ ಅದೇ ಮುಖ. ಹೊರಗೆ ಬಂದವರು 71 ವರ್ಷದ, ತೆಳ್ಳಗಿನ, ಬೆಳ್ಳಿಗೂದಲಿನ ಅಜ್ಜ. ಗೇಟಿನ ಹತ್ತಿರ ಟಿ.ವಿ.ಯವರು ತುಪ್ಪಳ ಸುತ್ತಿದ ಉದ್ದನೆಯ ಮೈಕ್ ಮುಂದೆ ಚಾಚಿದಾಗ ಇದೇನೋ ಹೊಸ ಆಯುಧ ಇರಬೇಕು ಅಂತ ಹಿಂದೆ ಸರಿದರಂತೆ. ಅದು ಮೈಕ್ ಅಂತ ಹೆಂಡತಿ ವಿನ್ನಿ ಹೇಳಬೇಕಾಯಿತು. ಸಂಜೆ ಕೇಪ್‌ಟೌನ್‌ನಲ್ಲಿ ಭಾಷಣಕ್ಕೆ ನಿಂತಾಗ ಕನ್ನಡಕ ಜೈಲಿನಲ್ಲೇ ಉಳಿದಿತ್ತು. ವಿನ್ನಿ ಕನ್ನಡಕ ಹಾಕಿಕೊಂಡೇ ಓದಿದರು.

ಇದನ್ನು ಓದಿದಾಗಿನಿಂದ ನನಗೆ ಅನಿಸುತ್ತಿರುವುದು ಒಂದೇ. ಅಧಿಕಾರ ಅಂದರೆ ಸೈನ್ಯ, ಖಜಾನೆ ಮಾತ್ರ ಅಲ್ಲ. ಒಬ್ಬ ಮನುಷ್ಯನ ಮುಖ ಯಾರ ಕೈಯಲ್ಲಿದೆ ಅನ್ನುವುದೂ ಅಧಿಕಾರವೇ. 27 ವರ್ಷ ಇನ್ನೊಬ್ಬರ ಕೈಯಲ್ಲಿದ್ದ ತಮ್ಮ ಮುಖವನ್ನು ಮಂಡೇಲಾ ವಾಪಸ್ ಪಡೆದರು. ಪಡೆದು, ತನ್ನನ್ನು ಬಚ್ಚಿಟ್ಟವರ ಭಯ ಕಳೆಯಲು ಅದನ್ನು ಖರ್ಚು ಮಾಡಿದರು. ಇದನ್ನು 'ಇಮೇಜ್' ಅಂದು ಕೈ ತೊಳೆದುಕೊಳ್ಳಬಹುದಾ? ನಿಮಗೇನು ಅನಿಸುತ್ತೆ?

ಕುಂದಾಪುರದ_ಗಾಳಿ

ದೀಪಾ, ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಹಿಂದಿನ ಬೆಂಚಿನ ಹುಡುಗ ಪೂರ್ತಿ ತಪ್ಪು ಅಂತ ನನಗೆ ಅನಿಸುವುದಿಲ್ಲ.

ನಮ್ಮ ಮನೆ ಜಗಲಿಯಲ್ಲಿ ದೇವರಾಜ ಅರಸು ಫೋಟೋ ಇದೆ. ನಮ್ಮಜ್ಜ ಗೇಣಿ ಒಕ್ಕಲು. ವರ್ಷಕ್ಕಿಷ್ಟು ಮುಡಿ ಅಕ್ಕಿ ಅಂತ ಧಣಿ ಮನೆಗೆ ಹೊರುತ್ತಿದ್ದರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಹೆದರುತ್ತಲೇ ಡಿಕ್ಲರೇಷನ್ ಹಾಕಿದರು. ಒಂದೂವರೆ ಎಕರೆ ಗದ್ದೆ ನಮ್ಮದಾಯಿತು. ಅರಸು ನಮ್ಮಜ್ಜನ ಜೊತೆ ಊಟ ಮಾಡಿದವರಲ್ಲ, ನಮ್ಮೂರಿಗೆ ಬಂದವರೂ ಅಲ್ಲ. ಗೋಡೆಯ ಮೇಲೆ ಅವರ ಫೋಟೋ ಇರುವುದು ಆ ಗದ್ದೆಯಿಂದ.

ಈಗ ದಕ್ಷಿಣ ಆಫ್ರಿಕಾ ನೋಡಿ. 1913ರ ಭೂ ಕಾಯ್ದೆ ದೇಶದ ಶೇ. 7ರಷ್ಟು ನೆಲ ಮಾತ್ರ ಕಪ್ಪು ಜನರಿಗೆ ಅಂತ ಗೆರೆ ಎಳೆಯಿತು. 1936ರಲ್ಲಿ ಅದು ಶೇ. 13ರ ಆಸುಪಾಸಿಗೆ ಬಂತು. ಜನಸಂಖ್ಯೆಯಲ್ಲಿ ಬಹುಪಾಲು ಅವರೇ! 1994ರಲ್ಲಿ ಮಂಡೇಲಾ ಸರ್ಕಾರ ಬಂದಾಗ ಐದು ವರ್ಷದಲ್ಲಿ ಶೇ. 30ರಷ್ಟು ಕೃಷಿ ಭೂಮಿ ಮರುಹಂಚಿಕೆ ಮಾಡುತ್ತೇವೆ ಅಂದಿತು. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಮಾರಲು ಒಪ್ಪಿದವರಿಂದ ಮಾತ್ರ ಮಾರ್ಕೆಟ್ ರೇಟಿಗೆ ಕೊಳ್ಳುವುದು ಅನ್ನುವ ದಾರಿ ಹಿಡಿದರು. ಹಾಗೆ ಹೊರಟರೆ ಎಷ್ಟು ನೆಲ ಸಿಕ್ಕೀತು?

ಟೋಪಿ ಹಾಕಿದ್ದು ದೊಡ್ಡ ಮಾತೇ, ಒಪ್ಪುತ್ತೇನೆ. ಅದರಿಂದ ಬಿಳಿಯರ ಭಯ ಹೋಯಿತು. ಕಪ್ಪು ಜನರ ಹಸಿವು ಹೋಯಿತಾ?

ಜೋಬರ್ಗ್_ಕನ್ನಡಿಗ

ಇಬ್ಬರ ಮಾತೂ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಜೊಹಾನ್ಸ್‌ಬರ್ಗ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಐ.ಟಿ. ಕೆಲಸ. ಆಫೀಸು ಸ್ಯಾಂಡ್ಟನ್‌ನಲ್ಲಿ. ಗಾಜಿನ ಕಟ್ಟಡಗಳು, ಬ್ಯಾಂಕುಗಳು. ಹೆದ್ದಾರಿ ದಾಟಿದರೆ ಅಲೆಕ್ಸಾಂಡ್ರಾ. ತಗಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಂಡೇಲಾ ಹುಡುಗರಾಗಿದ್ದಾಗ ಹಳ್ಳಿಯಿಂದ ಓಡಿಬಂದು ಬಾಡಿಗೆಗೆ ಇದ್ದದ್ದು ಅಲ್ಲೇ. ಇವತ್ತಿಗೂ ಎರಡರ ನಡುವೆ ಇರುವುದು ಒಂದು ರಸ್ತೆ ಅಷ್ಟೇ. ಆ ಲೆಕ್ಕದಲ್ಲಿ ಕುಂದಾಪುರದವರು ಹೇಳಿದ್ದು ನೂರಕ್ಕೆ ನೂರು ನಿಜ.

ಆದರೆ ಇನ್ನೊಂದು ಹೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಬ್ಬರು ಸೆಕ್ಯುರಿಟಿ ಇದ್ದಾರೆ, ಐವತ್ತು ದಾಟಿದವರು. ಸಂಜೆ ಡ್ಯೂಟಿ ಮುಗಿಸಿ ರಸ್ತೆ ಬದಿಯಲ್ಲಿ ನಿಂತು ಮಿನಿಬಸ್ ಟ್ಯಾಕ್ಸಿಗೆ ಬೆರಳು ತೋರಿಸುತ್ತಾರೆ. ಇಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬೆರಳಲ್ಲೇ ಹೇಳುತ್ತಾರೆ. ತೋರುಬೆರಳು ಮೇಲೆತ್ತಿದರೆ ಪಟ್ಟಣದ ಕಡೆ. 2019ರ ನವೆಂಬರ್ 2, ಶನಿವಾರ. ಜಪಾನಿನ ಯೊಕೊಹಾಮಾದಲ್ಲಿ ರಗ್ಬಿ ಫೈನಲ್. ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 32-12ಕ್ಕೆ ಸೋಲಿಸಿತು. ಕ್ಯಾಪ್ಟನ್ ಸಿಯಾ ಕೊಲಿಸಿ, ಆ ತಂಡದ ಮೊದಲ ಕಪ್ಪು ಟೆಸ್ಟ್ ಕ್ಯಾಪ್ಟನ್. 1995ರಲ್ಲಿ ಅವನಿಗೆ ನಾಲ್ಕು ವರ್ಷ. ಹಾಕಿದ್ದ ನಂಬರ್ 6.

ಆವತ್ತು ಗೇಟಿನ ಕೋಣೆಯಲ್ಲಿ ಚಿಕ್ಕ ಟಿ.ವಿ. ಇಟ್ಟಿದ್ದರು. ನಾನು ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಕಪ್ ಎತ್ತಿದಾಗ ಅವರು ಕುಣಿಯಲಿಲ್ಲ, ಕೂಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು, "1995ರಲ್ಲಿ ನಾನು ಈ ಆಟ ನೋಡಲಿಲ್ಲ. ಮಡೀಬಾ ನೋಡು ಅಂದರು. ನನಗೆ ಆಗಲಿಲ್ಲ." ಇಲ್ಲಿಯವರು ಮಂಡೇಲಾರನ್ನು ಮಡೀಬಾ ಅನ್ನುತ್ತಾರೆ, ಅದು ಅವರ ಕುಲದ ಹೆಸರು.

ನಾಯಕ ಹೇಳಿದ ಕೂಡಲೇ ಮನಸ್ಸು ಬದಲಾಗುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಅಲ್ಲಿ. ಅವರಿಗೆ ಇಪ್ಪತ್ನಾಲ್ಕು ವರ್ಷ ಬೇಕಾಯಿತು. ಅವರು ಈಗಲೂ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೆಲಸಕ್ಕೆ ಬರುತ್ತಾರೆ. ಅದು ಬದಲಾಗಿಲ್ಲ.

ದೀಪಾ_ಧಾರವಾಡ

ಜೋಬರ್ಗ್ ಅಣ್ಣ, ಇದನ್ನು ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ಅವರ ಮಾತನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಕುಂದಾಪುರದ ಅಣ್ಣ, ನಿಮ್ಮ ಅರಸು ಉದಾಹರಣೆ ನನ್ನನ್ನು ರಾತ್ರಿಯೆಲ್ಲ ಕಾಡಿತು. ನನ್ನ ಮೊದಲ ಪೋಸ್ಟಿನಲ್ಲಿ ನೆಲದ ಮಾತೇ ಇರಲಿಲ್ಲ. ಅದು ನನ್ನ ತಪ್ಪು. ಆದರೂ ಒಂದು ಕೇಳಬೇಕು. ಅರಸು ಕಾಯ್ದೆ ತಂದಾಗ ಅವರ ಕೈಯಲ್ಲಿ ಸರ್ಕಾರ ಇತ್ತು, ಪೊಲೀಸ್ ಇತ್ತು, ನಡೆದುಕೊಂಡು ಬಂದ ವಿಧಾನಸಭೆ ಇತ್ತು. ಮಂಡೇಲಾಗೆ 1994ರಲ್ಲಿ ಸೈನ್ಯ, ಬ್ಯಾಂಕು, ಗಣಿ ಎಲ್ಲದರಲ್ಲೂ ಎದುರಿಗಿದ್ದವರು ಹಳಬರೇ. ಹಾಗಿರುವಾಗ ಅವರ ಕೈಯಲ್ಲಿ ನಿಜವಾಗಿ ಇದ್ದದ್ದು ಏನು?

ಮೇಷ್ಟ್ರು_ಸಾಗರ

ದೀಪಮ್ಮ, ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವನು. ನಿನ್ನ ಈ ಪ್ರಶ್ನೆಗೆ ಒಂದು ದಿನದ ಕಥೆ ಹೇಳುತ್ತೇನೆ, ತಾಳ್ಮೆಯಿಂದ ಓದು.

1993ರ ಏಪ್ರಿಲ್ 10. ಅಲ್ಲಿ ಇನ್ನೂ ಎಲ್ಲರಿಗೂ ವೋಟು ಬಂದಿಲ್ಲ. ಅಧ್ಯಕ್ಷ ಡಿ ಕ್ಲರ್ಕ್. ಮಂಡೇಲಾಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲ. ಆ ದಿನ ಕ್ರಿಸ್ ಹಾನಿ ಅನ್ನುವ ನಾಯಕನನ್ನು ಅವರ ಮನೆ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಹಾನಿ ಅಂದರೆ ಕಪ್ಪು ಯುವಕರಿಗೆ ಪ್ರಾಣ. ಮಂಡೇಲಾ ಬಿಟ್ಟರೆ ಅವರೇ ಅನ್ನುವಷ್ಟು. ಕೊಂದವನು ಪೋಲೆಂಡಿನಿಂದ ಬಂದು ನೆಲೆಸಿದ್ದ ಬಿಳಿಯ. ದೇಶ ಹೊತ್ತಿ ಉರಿಯುವುದಕ್ಕೆ ಇನ್ನೇನು ಬೇಕು?

ಆಗ ಟಿ.ವಿ.ಯಲ್ಲಿ ದೇಶಕ್ಕೆ ಸಮಾಧಾನ ಹೇಳಿದವರು ಅಧ್ಯಕ್ಷರಲ್ಲ, ಮಂಡೇಲಾ. ಅವರು ಹೇಳಿದ ಮಾತಿನ ತಿರುಳು ಇದು: ದ್ವೇಷ ತುಂಬಿದ ಒಬ್ಬ ಬಿಳಿಯ ನಮ್ಮ ದೇಶಕ್ಕೆ ಬಂದು ಈ ಕೆಲಸ ಮಾಡಿದ. ಅವನು ಸಿಕ್ಕಿಬೀಳಲಿ ಅಂತ ಆಫ್ರಿಕಾನರ್, ಅಂದರೆ ಡಚ್ ಮೂಲದ, ಒಬ್ಬ ಬಿಳಿಯ ಹೆಂಗಸು ತನ್ನ ಜೀವದ ಆಸೆ ಬಿಟ್ಟು ನೆರವಾದಳು. ಅದು ನಿಜವೇ. ಪಕ್ಕದ ಮನೆಯಾಕೆ ಕಾರಿನ ನಂಬರ್ ನೋಡಿಕೊಂಡು ಪೊಲೀಸರಿಗೆ ತಿಳಿಸಿದ್ದಳು. ಆ ಹೊತ್ತಿನಲ್ಲಿ ಎಷ್ಟು ಜನರಿಗೆ ಆ ಹೆಂಗಸಿನ ನೆನಪಾಗುತ್ತಿತ್ತು ಹೇಳು? ಗಲಭೆ ಆಗಲೇ ಇಲ್ಲ ಅಂತಲ್ಲ, ಸಾವುಗಳೂ ಆದವು. ಆದರೆ ದೇಶ ಒಡೆಯಲಿಲ್ಲ. ಕೆಲವೇ ವಾರದಲ್ಲಿ ಚುನಾವಣೆಗೆ 1994ರ ಏಪ್ರಿಲ್ 27 ಅಂತ ದಿನ ಗೊತ್ತಾಯಿತು.

ನೀನು ಕೇಳಿದ್ದು ಅವರ ಕೈಯಲ್ಲಿ ಏನಿತ್ತು ಅಂತ. ಅವರ ಮಾತನ್ನು ಜನ ನಂಬುತ್ತಿದ್ದರು, ಇದ್ದದ್ದು ಅದೇ. ಆ ನಂಬಿಕೆ ಎಲ್ಲಿಂದ ಬಂತು ಅಂತ ಮಕ್ಕಳಿಗೆ ಹೇಳುವಾಗ ನಾನು ರಾಬೆನ್ ದ್ವೀಪದ ಚಡ್ಡಿಯ ಕಥೆ ಹೇಳುತ್ತಿದ್ದೆ. ಆ ಜೈಲಿನಲ್ಲಿ ಬಟ್ಟೆಯನ್ನೂ ಬಣ್ಣ ನೋಡಿ ಕೊಡುತ್ತಿದ್ದರು. ಆಫ್ರಿಕನ್ ಕೈದಿಗಳಿಗೆ ಗಿಡ್ಡ ಚಡ್ಡಿ, ಕಾಲುಚೀಲ ಇಲ್ಲ. ಅದೇ ಕೇಸಿನಲ್ಲಿ ಅವರ ಜೊತೆ ಬಂದ ಅಹ್ಮದ್ ಕತ್ರಾಡಾ ಗುಜರಾತಿ ಮೂಲದವರು. ಅವರಿಗೆ ಉದ್ದ ಪ್ಯಾಂಟು, ಕಾಲುಚೀಲ. ಸಕ್ಕರೆ ಸ್ವಲ್ಪ ಜಾಸ್ತಿ, ಜೊತೆಗೆ ಬ್ರೆಡ್ಡು. ಆಫ್ರಿಕನ್ನರಿಗೆ ಬ್ರೆಡ್ಡೇ ಇಲ್ಲ. ಎಲ್ಲರಿಗೂ ಒಂದೇ ಜೀವಾವಧಿ ಶಿಕ್ಷೆ, ಊಟದ ತಟ್ಟೆ ಮಾತ್ರ ಬೇರೆ. ಎಲ್ಲರಿಗೂ ಉದ್ದ ಪ್ಯಾಂಟು ಕೊಡಿ ಅಂತ ಮಂಡೇಲಾ ಒಳಗಿದ್ದುಕೊಂಡೇ ಹಟ ಹಿಡಿದರು. ನೋಡಲು ಅಲ್ಲಿ ಕ್ಯಾಮೆರಾ ಇರಲಿಲ್ಲ.

ನಿನ್ನ ಕ್ಲಾಸಿನ ಹುಡುಗನಿಗೆ ಇದನ್ನು ಹೇಳು. ಜೋರಾಗಿ ಬೇಡ, ಪ್ರೀತಿಯಿಂದ ಹೇಳು.

ಕುಂದಾಪುರದ_ಗಾಳಿ

ಮೇಷ್ಟ್ರೇ, ಹಾನಿ ಕಥೆ ನನಗೆ ಗೊತ್ತಿರಲಿಲ್ಲ. ಕೈ ಮುಗಿದೆ. ನೆಲದ ಮಾತು ಮಾತ್ರ ಬಿಡಲಾರೆ. 2015ರಲ್ಲಿ ಕೇಪ್‌ಟೌನ್ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಅಲ್ಲಿ ಬ್ರಿಟಿಷರ ವಸಾಹತು ಬೆಳೆಸಿದ ಸೆಸಿಲ್ ರೋಡ್ಸ್ ಪ್ರತಿಮೆ ತೆಗೆಸಿದರು. ಮಾರ್ಚ್ 9ಕ್ಕೆ ಶುರು, ಏಪ್ರಿಲ್ 9ಕ್ಕೆ ಕ್ರೇನ್ ಬಂತು. ಮಂಡೇಲಾ ಬಿಳಿಯರಿಗೆ ತುಂಬ ಬಿಟ್ಟುಕೊಟ್ಟರು ಅಂತ ಆ ತಲೆಮಾರಿನ ಬಹಳ ಜನ ಕೇಳುತ್ತಾರೆ. ಅವರೂ ವಿದ್ಯಾರ್ಥಿಗಳೇ, ದೀಪಾ ತರಹ. ಅವರ ಸಿಟ್ಟಿಗೂ ಸೆಮಿನಾರಿನಲ್ಲಿ ಜಾಗ ಕೊಡಿ.

ಹಾಸನ_ಹೇಮಾ

ಪ್ರತಿಮೆ ಅಂದದ್ದಕ್ಕೆ ನೆನಪಾಯಿತು. ಘಾನಾ ಯೂನಿವರ್ಸಿಟಿಯಲ್ಲಿ ನಮ್ಮ ರಾಷ್ಟ್ರಪತಿಗಳು 2016ರಲ್ಲಿ ಅನಾವರಣ ಮಾಡಿದ ಗಾಂಧಿ ಪ್ರತಿಮೆಯನ್ನು 2018ರ ಕೊನೆಗೆ ತೆಗೆದುಹಾಕಿದರು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದ ಮೊದಲ ವರ್ಷಗಳಲ್ಲಿ ಕಪ್ಪು ಜನರ ಬಗ್ಗೆ ಬರೆದ ಮಾತುಗಳು ಅಲ್ಲಿನ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ನೋವು ಕೊಟ್ಟಿದ್ದವು. ಮೊದಲು ನನಗೆ ಸಿಟ್ಟು ಬಂದಿತ್ತು. ಆಮೇಲೆ ಆ ಮಾತುಗಳನ್ನು ನಾನೇ ಓದಿದೆ. ನೋವಾಗದೆ ಇರಲು ಸಾಧ್ಯವಿಲ್ಲ. ಗಾಂಧೀಜಿ ಮುಂದೆ ತುಂಬ ಬದಲಾದರು, ಮಂಡೇಲಾ ಕೂಡ ಅವರನ್ನು ಗೌರವಿಸುತ್ತಿದ್ದರು. ಆದರೂ ನಾವು ಬಣ್ಣದ ವಿಷಯ ಬಂದಾಗಲೆಲ್ಲ ರೈಲಿನಿಂದ ಇಳಿಸಿದ ಕಥೆ ಒಂದನ್ನೇ ಹೇಳುತ್ತೇವೆ ಅಲ್ವಾ?

ಕೌದಿ_ಯಲ್ಲಾಪುರ

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಾನು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು. ಊರು ಯಲ್ಲಾಪುರ ತಾಲೂಕು.

ದೀಪಾ, ನೀನು ಬರೆದೆಯಲ್ಲ, ಮುಖ ಯಾರ ಕೈಯಲ್ಲಿದೆ ಅನ್ನುವುದು ಅಧಿಕಾರ ಅಂತ. ಅದನ್ನು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ.

ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹತ್ತಿರ ಬಂದರೆ ಕೈಸನ್ನೆಯಲ್ಲಿ ಮಾತಾಡುತ್ತಾರೆ. "ಯಲ್ಲಾಪುರ ಒಂದು ಕೊಡ್ರಿ" ಅಂದರೆ ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರೆ. "ಕನ್ನಡ ಎಷ್ಟು ಚಂದ ಮಾತಾಡ್ತೀರಿ, ಯಾವ ದೇಶ?" ಅನ್ನುತ್ತಾರೆ. ಹಿಂದಿನ ಸೀಟಿನಿಂದ ಕೂದಲು ಮುಟ್ಟಿ ನೋಡುವವರೂ ಇದ್ದಾರೆ. ಕೇಳಿ ಮುಟ್ಟುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಾಂಗ ನೋಂದಣಿ ಕಾಯ್ದೆ ಇದ್ದಾಗ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರಂತೆ. ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಅದನ್ನು ಓದಿದಾಗ ನನಗೆ ಆ ಬಸ್ಸೇ ಕಣ್ಣ ಮುಂದೆ ಬಂತು.

ನಮ್ಮ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದರು. ಶತಮಾನಗಳೇ ಆದವು. ಪರಿಶಿಷ್ಟ ಪಂಗಡದ ಪಟ್ಟಿಗೆ ನಮ್ಮನ್ನು ಸೇರಿಸಿದ್ದು 2003ರಲ್ಲಿ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟರು. ಒಳ್ಳೆಯ ಉದ್ದೇಶವೇ. ಮೆಡಲೂ ಬಂದವು. ಆದರೆ ಅದರ ಹಿಂದೆ ಇದ್ದದ್ದು ಆಫ್ರಿಕಾ ಮೂಲದವರು ಅಂದರೆ ಓಡಲೇಬೇಕು ಅನ್ನುವ ಎಣಿಕೆ. 1993ರ ಹೊತ್ತಿಗೆ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್ ಬಂದರು. ನಮಗೆ ಗಣಿತ ಚೆನ್ನಾಗಿ ಬರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ ಆದಾಗ ನಮ್ಮ ಕೇರಿಯಲ್ಲಿ ಡಮಾಮಿ ಬಾರಿಸಿದರು. ಪಕ್ಷದ ಮಾತು ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನಮ್ಮಮ್ಮ ಟಿ.ವಿ. ಹತ್ತಿರ ಹೋಗಿ ನಿಂತು ನೋಡಿದರು. ವಿಧಾನಸೌಧದ ಒಳಗೆ ನಮ್ಮ ತರಹದ ಕೂದಲು, ನಮ್ಮ ತರಹದ ಮೂಗು. ಅವರು ಏನು ಮಾತಾಡಿದರು ಅಂತ ಅಮ್ಮನಿಗೆ ನೆನಪಿಲ್ಲ, ನೋಡಿದ್ದು ನೆನಪಿದೆ. ಹಾಗಾಗಿ ಬರೀ ಫೋಟೋ ಅನ್ನುವವರಿಗೆ ನಾನು ಹೇಳುವುದು ಇಷ್ಟು. ದಿನಾ ತಮ್ಮ ಮುಖವನ್ನು ಟಿ.ವಿ.ಯಲ್ಲಿ ನೋಡುವವರಿಗೆ ಅದು ಬರೀ ಫೋಟೋ. ಕುಂದಾಪುರದ ಅಣ್ಣ, ನಿಮ್ಮ ನೆಲದ ಮಾತು ನನ್ನದೂ ಹೌದು. ಅರಣ್ಯ ಹಕ್ಕಿನ ಅರ್ಜಿ ಹಾಕಿ ನಮ್ಮ ಮನೆಯವರು ಇನ್ನೂ ಕಾಯುತ್ತಿದ್ದಾರೆ. ನನಗೆ ಎರಡೂ ಬೇಕು.

ಇನ್ನೊಂದು. ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ 17ನೇ ಶತಮಾನದಲ್ಲಿ ಇಖ್ಲಾಸ್ ಖಾನ್ ಅನ್ನುವ ಮಂತ್ರಿ ಇದ್ದರು, ಆಫ್ರಿಕಾ ಮೂಲದವರು. ಸುಲ್ತಾನ ಮುಹಮ್ಮದ್ ಆದಿಲ್ ಶಾ ಮತ್ತು ಅವರು ಒಂದೇ ಆನೆಯ ಮೇಲೆ ಹೋಗುತ್ತಿರುವ ವರ್ಣಚಿತ್ರ ಇದೆ. ಅದು ಈಗ ವಿದೇಶದಲ್ಲಿದೆ. ನಾನು ಓದಿದ ಯಾವ ಪಾಠದಲ್ಲೂ ಅವರ ಹೆಸರು ಬಂದ ನೆನಪಿಲ್ಲ.

ಮೇಷ್ಟ್ರು_ಸಾಗರ

ತಾಯಿ, ಮೂವತ್ತಮೂರು ವರ್ಷ ಗೋಳಗುಮ್ಮಟದ ಪಾಠ ಮಾಡಿದ್ದೇನೆ. ಇಖ್ಲಾಸ್ ಖಾನ್ ಹೆಸರನ್ನು ಮಕ್ಕಳಿಗೆ ಒಂದು ಸಲವೂ ಹೇಳಿಲ್ಲ. ನನ್ನಿಂದ ತಪ್ಪಾಯಿತು.

ದೀಪಾ_ಧಾರವಾಡ

ಅಕ್ಕ, ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಹೋದ ವರ್ಷ ಸಿದ್ದಿ ಹುಡುಗಿ ಒಬ್ಬಳಿದ್ದಳು. ಸ್ಪೋರ್ಟ್ಸ್ ಡೇ ಬಂದಾಗ ಅವಳನ್ನು ಕೇಳದೆ ಅವಳ ಹೆಸರನ್ನು ರಿಲೇಗೆ ಬರೆದುಕೊಟ್ಟವಳು ನಾನೇ. ಅವಳು ಏನೂ ಅನ್ನಲಿಲ್ಲ, ಓಡಿದಳು. ನಿಮ್ಮ ಪೋಸ್ಟ್ ಓದಿದ ಮೇಲೆ ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಅವಳು ಶಿರಸಿಯಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ.

ಸರ್ ಹತ್ತಿರ ಕೇಳಿದ್ದೆ, ಮುಂದಿನ ಶುಕ್ರವಾರ ಇನ್ನೊಂದು ಸಲ ಸೆಮಿನಾರ್ ಕೊಡಲು ಒಪ್ಪಿದ್ದಾರೆ. ಮೂರು ಚಿತ್ರ ಹಾಕಬೇಕು ಅಂತಿದ್ದೇನೆ. ಮೊದಲನೆಯದು 1977ರಲ್ಲಿ ಸರ್ಕಾರವೇ ಪತ್ರಕರ್ತರನ್ನು ರಾಬೆನ್ ದ್ವೀಪಕ್ಕೆ ಕರೆದೊಯ್ದಾಗ ತೆಗೆದದ್ದು. ಮಂಡೇಲಾ ಕಪ್ಪು ಕನ್ನಡಕ ಹಾಕಿಕೊಂಡು ಸಲಿಕೆ ಹಿಡಿದು ನಿಂತಿದ್ದಾರೆ. ಅದಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ಅವರ ಹೆಸರಿಲ್ಲ. ತೋಟದಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಕೈದಿ, ಅಷ್ಟೇ. ಎರಡನೆಯದು ಹಸಿರು ಅಂಗಿಯದು. ಅದರ ಪಕ್ಕದಲ್ಲಿ ಅಲೆಕ್ಸಾಂಡ್ರಾ, ಶೇ. 13, ಸೆಕ್ಯುರಿಟಿಯವರ ಮಾತು. ಮೂರನೆಯದು ಆ ಬಿಜಾಪುರದ ಆನೆಯ ಚಿತ್ರ, ನೀವು ಒಪ್ಪಿದರೆ.

ಕೌದಿ_ಯಲ್ಲಾಪುರ

ಹಾಕು ದೀಪಾ. ಚಿತ್ರದ ಕೆಳಗೆ ಹೆಸರು ಬರಿ, ದೊಡ್ಡ ಅಕ್ಷರದಲ್ಲಿ.

ನಿನ್ನೆ ರಾತ್ರಿ ಅದನ್ನು ಫೋನಿನಲ್ಲಿ ನನ್ನ ತಮ್ಮನಿಗೆ ತೋರಿಸಿದೆ. ಆರನೇ ಕ್ಲಾಸು. ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಸುಲ್ತಾನನ ಬಗ್ಗೆ ಏನೂ ಕೇಳಲಿಲ್ಲ. "ಅಕ್ಕಾ, ಹಿಂದೆ ಕೂತವರ ಊರು ಯಾವುದು?" ಅಂದ.